ಆಕಾಶದಾಗ ಐದನೇ ಎಲಿ

ದೂರಾನ ನಾ ಎಲಿ-ಅಡಿಕಿಲೆ ಅಳೆಯಾಂವ. ಸುರಪುರದಿಂದ ಶಹಾಪುರಕ್ಕ ಮೂರು ಎಲಿ ಜಗಿಯೋ ದಾರಿ. ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಾಗ ತಾಸಿನ ಮ್ಯಾಲ ಹತ್ತು ನಿಮಿಷ ಅಂದ್ರು, ನಾಲ್ಕು ಎಲಿ ಅಂತ ಲೆಕ್ಕಾ ಹಿಡದೆ. ಐದನೇದು ಬಾಯಾಗ ಕರಗಿದ್ರೂ ನೆಲ ಬರಲಿಲ್ಲ. ಮಧ್ಯಾಹ್ನ ಬೆಂಗಳೂರಾಗ ನನ್ನ ಹೆಂಡ್ತಿ ಎದಿ ಆಪರೇಷನ್. ನನ್ನ ಮುಖ ನೋಡದ ಒಳಗ ಹೋಗಂಗಿಲ್ಲ ಅಂದಿದ್ಲು.

‘ಇನ್ನೆಷ್ಟು ದೂರ ಐತಿ, ತಂಗಿ?’ ಅಂತ ವಿಮಾನದ ಹುಡುಗೀನ ಕೇಳಿದೆ.

‘ದೂರ ಮುಗೀತು ತಾತ. ಇಳಿಯೋಕೆ ನಮ್ಮ ಸರದಿ ಬಂದಿಲ್ಲ, ಸುತ್ತು ಹಾಕ್ತಿದ್ದೀವಿ.’

‘ಸುರಪುರದ ಹಿರ್ಯಾ ಕುಂತಾನ, ಮೊದಲ ಇಳಸು ಅಂತ ಪೈಲಟಗ ಹೇಳು.’

‘ಬೆಲ್ಟ್ ಹಾಕ್ಕೊಳ್ಳಿ ತಾತ.’

ದವಾಖಾನಿ ಮುಟ್ಟಿದಾಗ ಆಕೀನ ಒಳಗ ಒಯ್ಯಾಕತ್ತಿದ್ರು. ‘ಯಾಕ್ರಿ ತಡಾ?’ ಅಂದ್ಲು.

‘ವಿಮಾನ ನಾನೇ ಇಳಿಸಬೇಕಾತು’ ಅಂದೆ.

‘ಹೌದ್ರಿ?’ ಅಂತ ನಂಬಿಬಿಟ್ಲು. ಮಂಪರಿನ ಸೂಜಿ ಆಗಲೇ ಚುಚ್ಚಿದ್ರಂತ. ಈಗ ಪೂರಾ ಆರಾಮ ಆಗ್ಯಾಳ, ಮತ್ತ ಮೊದಲಿನಂಗ ನನ್ನ ಮಾತು ನಂಬವಲ್ಲಳು.