ಪಾದಪೂಜೆಯಲ್ಲಿ ಕಾಣದ ಅಂಗಾಲು

ನನ್ನ ಸೋದರಮಾವನ ಎಡಗಾಲಿನ ಹುಣ್ಣನ್ನು ಮೊದಲು ನೋಡಿದವರು ಯಾರು ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನಾನೇ ಎಂದು ಕೆಲವು ವರ್ಷ ನಂಬಿದ್ದೆ. ಆದರೆ ಆ ಚಳಿಗಾಲ ನಾನು ಪುಣೆಯ ಕಾಲೇಜಿನಲ್ಲಿದ್ದೆ. ಕೇಳಿದ್ದು ಕಂಡದ್ದಾಗಿ ಬದಲಾಗಿರಬೇಕು.

ಮಾವ ಮುರಗೋಡದ ಕಡೆಯ ಜಂಗಮರು. ಮನೋಳಿಯಿಂದ ಬೈಲಹೊಂಗಲದವರೆಗೆ ಅನೇಕ ಒಕ್ಕಲುತನದ ಮನೆಗಳಿಗೆ ಅವರೇ ಅಯ್ಯನವರು. ಹೋದಲ್ಲೆಲ್ಲ ಭಕ್ತರು ಅವರನ್ನು ಮಣೆಯ ಮೇಲೆ ಕೂರಿಸಿ, ಪಾದಕ್ಕೆ ನೀರು ಹಾಕಿ, ವಿಭೂತಿ ಬಳಿದು, ಪತ್ರಿ ಏರಿಸಿ, ಆ ನೀರನ್ನು ಪಾದೋದಕವೆಂದು ತೆಗೆದುಕೊಳ್ಳುತ್ತಿದ್ದರು. ಆಮೇಲೆ ಗೋದಿ ಹುಗ್ಗಿಯ ಊಟ. ಮಾವ ಎಲ್ಲ ಕಡೆಗೂ ಬರಿಗಾಲಲ್ಲೇ ನಡೆಯುತ್ತಿದ್ದರು. ಎರೆಹೊಲದಲ್ಲಿ ಜೋಳದ ಕೂಳೆ ಚುಚ್ಚಿದರೂ ಅವರಿಗೆ ನೋವಿರಲಿಲ್ಲ. ಭಕ್ತರು ಅದನ್ನು ತಪಸ್ಸಿನ ಫಲ ಎಂದರು, ಮಾವ ಅಲ್ಲಗಳೆಯಲಿಲ್ಲ. ಸಿಹಿಮೂತ್ರದ ರೋಗವಿದೆ ಎಂದು ಊರಿನ ವೈದ್ಯರು ಬಹಳ ಹಿಂದೆಯೇ ಹೇಳಿದ್ದರು. ಅದಕ್ಕೂ ಕಾಲಿಗೂ ಸಂಬಂಧವಿದ್ದೀತೆಂದು ಯಾರಿಗೂ ಹೊಳೆದಿರಲಿಲ್ಲ, ನನಗೂ.

ನಾನು ಬೇಸಿಗೆ ರಜೆಗೆ ಬರುವಷ್ಟರಲ್ಲಿ ಎರಡು ಬೆರಳು ಕಪ್ಪಾಗಿದ್ದವು, ಜ್ವರವಿತ್ತು. ಅತ್ತೆ ಗಾಡಿ ಕಟ್ಟಿಸಿದರು. ಬೆಳಗಾವಿಯ ದವಾಖಾನೆಯಲ್ಲಿ ಡಾಕ್ಟರರು ಅಂಗಾಲನ್ನು ಮೇಲೆತ್ತಿ, ಹೆಬ್ಬೆರಳ ಬುಡದಲ್ಲಿದ್ದ ತೂತಿನೊಳಗೆ ಸಲಾಕೆ ಇಳಿಸಿದರು. ಅದು ಎಲುಬಿಗೆ ತಾಗಿತು. ಮಾವ ಆಗ ಕಿಟಕಿಯ ಹೊರಗೆ ನೋಡುತ್ತಿದ್ದರು ಎಂಬುದು ಮಾತ್ರ ನನಗೆ ಖಚಿತ.

"ಇದ ಯಾವಾಗ ಆತ್ರಿ?"

"ಯುಗಾದಿ ಆದಮ್ಯಾಲ," ಎಂದರು ಮಾವ.

"ಸುಳ್ಳ," ಎಂದರು ಅತ್ತೆ. "ಸಂಕ್ರಾಂತಿಗೆ ಎಳ್ಳ ಹಚ್ಚೂ ಮುಂದ ನಾ ನೋಡೇನಿ. ನೋಯಂಗಿಲ್ಲ, ಸುಮ್ನಿರು ಅಂದ್ರಿ."

"ನೋಯಲಿಲ್ಲ, ಅದಕ್ಕ ಅಂದೆ. ಇಷ್ಟ ಊರ ಮಂದಿ ದಿನಾ ಈ ಪಾದ ತೊಳದ ಪೂಜಿ ಮಾಡ್ಯಾರ್ರಿ, ಡಾಕ್ಟರ್. ಒಬ್ಬರೂ ಹುಣ್ಣ ಐತಿ ಅನ್ನಲಿಲ್ಲ."

"ಅವರು ಮ್ಯಾಲಿಂದ ನೋಡ್ಯಾರ್ರಿ," ಎಂದರು ಡಾಕ್ಟರರು. "ಅಂಗಾಲ ಯಾರ ನೋಡ್ಯಾರ?"

ಡಾಕ್ಟರರು ಹಿಮ್ಮಡಿಯ ಪಕ್ಕ ಬೆರಳಿಟ್ಟು ನಾಡಿ ಹುಡುಕಿದರು. ಎಡಗಾಲಿನಲ್ಲಿ ಸಿಗಲಿಲ್ಲ, ಬಲಗಾಲಿನಲ್ಲಿ ಸಿಕ್ಕಿತು. ಮೂತ್ರದ ಸಕ್ಕರೆಯಿಂದ ಕಾಲು ಮರಗಟ್ಟಿದೆ, ಮರಗಟ್ಟಿದ ಕಾಲಿನ ಮೇಲೆ ನಡೆದು ಹುಣ್ಣು ಆಳಕ್ಕೆ ಹೋಗಿದೆ, ರಕ್ತ ಕೆಳಗೆ ಇಳಿಯುತ್ತಿಲ್ಲ, ಬಂದದ್ದೂ ತಡವಾಗಿದೆ ಎಂದರು. ಬೆರಳು ತೆಗೆದರೆ ಸಾಲದು, ಮೊಣಕಾಲಿನ ಕೆಳಗೆ ಕತ್ತರಿಸಬೇಕು. ಇಲ್ಲವಾದರೆ ಜೀವಕ್ಕೆ ಭರವಸೆಯಿಲ್ಲ. ಅವರು ಇಷ್ಟು ಒಪ್ಪವಾಗಿ ಹೇಳಿದರೋ, ಈಗ ನಾನು ಜೋಡಿಸುತ್ತಿದ್ದೇನೋ, ಹೇಳಲಾರೆ.

ಮಾವನಿಗೆ ಸಾವಿನ ಭಯ ಇದ್ದಂತೆ ಕಾಣಲಿಲ್ಲ. "ಕಾಲ ಹ್ವಾದಮ್ಯಾಲ ನಾ ಯಾರಿಗೆ ಅಯ್ಯಾ?" ಎಂದು ನನ್ನ ಕಡೆ ತಿರುಗಿದರು. "ಒಂಟಿ ಕಾಲಿಗೆ ಯಾರ ನೀರ ಹಾಕ್ತಾರೋ, ತಮ್ಮಾ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಯಾರೂ ಹಾಕದಿದ್ರ ನಾ ಹಾಕ್ತೇನಿ. ಹುಗ್ಗಿನೂ ನಾನ ಉಣಸ್ತೇನಿ. ಸುಮ್ನ ಹ್ಞೂಂ ಅನ್ರಿ."

ಮಾವ ನಕ್ಕರು, ಆಮೇಲೆ ಹ್ಞೂಂ ಅಂದರು.

ಗಾಯ ಮಾಯಲು ಮಳೆಗಾಲ ಪೂರ್ತಿ ಹಿಡಿಯಿತು. ಭಕ್ತರು ಜೋಳ, ಬೇಳೆ ಕಳಿಸುತ್ತಿದ್ದರು. ಕರೆಯಲು ಮಾತ್ರ ಯಾರೂ ಬರಲಿಲ್ಲ. ಬಲಗಾಲಿಗೆ ಕೆರವು ಬಂತು, ಕಂಕುಳಿಗೆ ಊರುಗೋಲು. ದೀಪಾವಳಿಯ ನಂತರ ಮನೋಳಿಯ ಭಕ್ತನೊಬ್ಬ ಗಾಡಿ ತಂದ. ರಜೆಗೆ ಬಂದಿದ್ದ ನಾನೂ ಜೊತೆಗೆ ಹೋದೆ.

ಅವನ ಮನೆಯ ಅಂಗಳದಲ್ಲಿ ಮಾವ ಕೆರವು ಬಿಟ್ಟು, ಕುಂಟುತ್ತ ಒಳಗೆ ಹೋಗಿ ಮಣೆಯ ಮೇಲೆ ಕುಳಿತರು. ಯಜಮಾನ ತಂಬಿಗೆ ಹಿಡಿದು ಬಂದು, ತಾಟನ್ನು ಎಲ್ಲಿಡುವುದು ತಿಳಿಯದೆ ನಿಂತುಬಿಟ್ಟ. ಅವನ ಹೆಂಡತಿ ನೆಲ ನೋಡುತ್ತಿದ್ದಳು.

ಮಾವ ಬಲಗಾಲನ್ನು ಎತ್ತಿ, ಅಂಗಾಲನ್ನು ಅವನ ಕಡೆ ತಿರುಗಿಸಿದರು. ಹಿರಿಯರ ಅಂಗಾಲು ಹಾಗೆ ಭಕ್ತನ ಮುಖಕ್ಕೆದುರಾಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಮದ್ಲ ಇದನ್ನ ನೋಡಪಾ. ನನಗ ತಿಳಿಯಂಗಿಲ್ಲ. ಏನೂ ಇಲ್ಲಂದ್ರ ನೀರ ಹಾಕು."

ಅವನು ತಂಬಿಗೆ ಕೆಳಗಿಟ್ಟು, ಮೊಣಕಾಲೂರಿ, ದೀಪ ಹತ್ತಿರ ತರಿಸಿ ನೋಡಿದ.

"ಜಾಲಿ ಮುಳ್ಳ ಐತ್ರಿ, ಅಜ್ಜಾರ. ನಮ್ಮ ಅಂಗಳದ್ದ."

"ತಗಿ ಮತ್ತ. ನಿನ್ನ ಮುಳ್ಳ ನನಗ್ಯಾಕ?"

ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ಮುಳ್ಳನ್ನು ನಾನು ಕಣ್ಣಾರೆ ಕಂಡೆನೆಂದು ಬರೆಯಲು ಧೈರ್ಯ ಸಾಲದು. ನಾನು ಬಾಗಿಲ ಬಳಿಯಿದ್ದೆ. ಅವನು ಏನನ್ನೋ ಕಿತ್ತು ಅಂಗೈಯಲ್ಲಿಟ್ಟು ತೋರಿಸಿದ್ದು, ಮಾವ ಅದನ್ನು ಬಹಳ ಹೊತ್ತು ನೋಡಿದ್ದು ನಿಜ. ಮುಳ್ಳು ಹೊಕ್ಕ ಜಾಗವನ್ನು ತೊಳೆದು, ಒರೆಸಿ, ಅವನು ತಾಟನ್ನು ಒಂದೇ ಪಾದದ ಕೆಳಗೆ ಸರಿಸಿ ತಂಬಿಗೆ ಎತ್ತಿಕೊಂಡ.

"ಈಗ ಹಾಕು," ಎಂದರು ಮಾವ.