ಕೆಂಚ ಜ್ವರಕ್ಕೆ ಕೂತದ್ದು

ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ನಾನು ಕಂಡ ಬೆಕ್ಕುಗಳು ಎಷ್ಟೋ. ಆದರೆ ಅವುಗಳಲ್ಲಿ ಒಂದಾದರೂ ಸತ್ತದ್ದನ್ನು ನೋಡಿಲ್ಲ. ನಮ್ಮ ಕಡೆ ಬೆಕ್ಕುಗಳು ಸಾಯುವುದಿಲ್ಲ. "ಎಲ್ಲೋ ಹೋಗುತ್ತವೆ." ನಾಯಿ ಸತ್ತರೆ ಹಿತ್ತಲಲ್ಲಿ ಗುಂಡಿ ತೋಡುತ್ತಾರೆ, ಹಸು ಸತ್ತರೆ ಮನೆಯವರೆಲ್ಲ ಊಟ ಬಿಡುತ್ತಾರೆ. ಬೆಕ್ಕಿನ ವಿಷಯ ಮಾತ್ರ ಹಾಗಲ್ಲ. ನಾಲ್ಕು ದಿನ ಕಾಣದಿದ್ದರೆ ಯಾರೋ ಒಬ್ಬರು ಸಾರಿಗೆ ಒಗ್ಗರಣೆ ಹಾಕುತ್ತ "ಆ ಬಿಳೀದು ಎಲ್ಲೋ ಹೋಯ್ತು" ಎನ್ನುತ್ತಾರೆ, ಇನ್ನೊಬ್ಬರು "ಹೂಂ" ಎನ್ನುತ್ತಾರೆ. ಸಂತಾಪ ಸಭೆ ಅಲ್ಲಿಗೆ ಮುಕ್ತಾಯ. ಹೀಗೆ ಹೋದ ಬೆಕ್ಕುಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ಬಹಳ ಕಾಲ ಯೋಚಿಸಿದ್ದೇನೆ. ಕನಕಪುರದಿಂದ ರಾಮನಗರದವರೆಗೆ ಇರುವ ಬಂಡೆಗಳ ಹಿಂದೆ ಎಲ್ಲೋ ಅವುಗಳದೇ ಒಂದು ಊರು ಇರಬೇಕು.

ಇಷ್ಟು ನಿಶ್ಚಿಂತ ಮನೆತನಕ್ಕೆ ಸೊಸೆಯಾಗಿ ಬಂದ ನಾನು ಬೆಕ್ಕಿನ ಆಯಸ್ಸು ಹೆಚ್ಚಿಸಲು ಹೊರಟೆ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಯಾರನ್ನಾದರೂ ಸುಧಾರಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ಮಕ್ಕಳು ಸುಧಾರಿಸುವ ಲಕ್ಷಣ ಕಾಣಲಿಲ್ಲ, ಯಜಮಾನರ ವಿಷಯದಲ್ಲಿ ಮದುವೆಯಾದ ಮೂರನೇ ವರ್ಷವೇ ಕೈಚೆಲ್ಲಿದ್ದೆ. ಉಳಿದದ್ದು ಕೆಂಚ.

ಕೆಂಚ ನಮ್ಮ ಮನೆಯ ಕಂದು ಬಣ್ಣದ ಗಂಡು ಬೆಕ್ಕು. ಅವನನ್ನು ಮುದ್ದಿಗೆಂದು ಸಾಕಿದ್ದಲ್ಲ, ಕೆಲಸಕ್ಕೆ ಇಟ್ಟುಕೊಂಡದ್ದು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿನ ಮನೆಗೆ ಇಲಿ ಹೊಕ್ಕರೆ ತಟ್ಟೆ ತಟ್ಟೆಯೇ ಖಾಲಿ. ಆದ್ದರಿಂದ ನಮ್ಮ ಅತ್ತೆ ಚಿಕ್ಕತಾಯಮ್ಮನವರು ಯಾರದೋ ಮನೆಯಿಂದ ಇವನನ್ನು ಮರಿಯಿದ್ದಾಗಲೇ ತಂದು, ಸೊಪ್ಪಿನ ಬುಟ್ಟಿಯ ಪಕ್ಕ ಇಳಿಸಿ, ಅಧಿಕಾರ ವಹಿಸಿದರು. ಮೊದಲ ಎರಡು ವರ್ಷ ಕೆಂಚ ನಿಷ್ಠೆಯಿಂದ ಇಲಿ ಹಿಡಿದ. ಆಮೇಲೆ ಕೆಲಸ ಖಾಯಂ ಆಯಿತೆಂದು ಅವನಿಗೂ ಗೊತ್ತಾಯಿತು.

ಆಯಸ್ಸು ಹೆಚ್ಚಿಸುವ ವಿದ್ಯೆಯನ್ನು ನಾನು ಫೋನಿನಲ್ಲಿ ಕಲಿತೆ. ಒಬ್ಬಳು ಹುಡುಗಿ ತನ್ನ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು, ಮನೆಯೊಳಗೇ ಇಟ್ಟು ಸಾಕಿದರೆ ಅದು ಹದಿನೈದು ವರ್ಷಕ್ಕೂ ಮೀರಿ ಬದುಕುತ್ತದೆ, ಬೀದಿಗೆ ಬಿಟ್ಟರೆ ಅದರ ಅರ್ಧವೂ ಕಷ್ಟ ಎಂದಳು. ನಾನು ಕೂಡಲೇ ಪೇಟೆಯಿಂದ ಒಣ ಕಾಳಿನಂಥ ಬೆಕ್ಕಿನ ತಿಂಡಿಯ ದೊಡ್ಡ ಪೊಟ್ಟಣ ತಂದೆ. ಮೀನಿನಾಕಾರ, ಮೀನಿನ ವಾಸನೆ, ಮೀನು ಮಾತ್ರ ಇಲ್ಲ. ಬೆಕ್ಕಿಗೆ ಆಟವೂ ಬೇಕು ಎಂದಿದ್ದಳಲ್ಲ, ಚನ್ನಪಟ್ಟಣಕ್ಕೆ ಹೋದಾಗ ಅರಗಿನ ಬಣ್ಣದ, ಚಕ್ರವಿರುವ ಒಂದು ಮರದ ಇಲಿಯನ್ನೂ ತಂದೆ. ಕೆಂಚ ಅದನ್ನು ಮೂಸಿ, ನನ್ನ ಮುಖ ನೋಡಿ, ಅದರ ಮೇಲೆ ತಲೆಯಿಟ್ಟು ಮಲಗಿದ. "ನಿಜವಾದ ಇಲಿ ಬಂದ್ರೂ ಹಿಂಗೇ ತಲೆದಿಂಬು ಮಾಡ್ಕತಾನೆ ಬುಡು" ಎಂದರು ಅತ್ತೆ.

ಅತ್ತೆಯವರಿಗೆ ಬೆಕ್ಕಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅವರದು ಭಯಮಿಶ್ರಿತ ಗೌರವ. ಬೆಕ್ಕನ್ನು ಕೊಂದ ಪಾಪ ಕಳೆಯಬೇಕಾದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕಂತೆ. ಈಗಿನ ಚಿನ್ನದ ಬೆಲೆಯಲ್ಲಿ ಬೆಕ್ಕುಗಳು ಇಷ್ಟು ನಿರ್ಭಯವಾಗಿ ಓಡಾಡುವುದು ಸಹಜವೇ. ಇನ್ನು ಬೆಕ್ಕು ಅಡ್ಡ ಬಂದರಂತೂ ಮುಗಿಯಿತು. ಅತ್ತೆ ಹಿಂತಿರುಗಿ ಮನೆಯೊಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಮನೆಯ ಬೆಕ್ಕಾದರೂ ಅದೇ ನಿಯಮ. ಕೆಂಚನಿಗೋ ಹೊಸಿಲು ಎಂದರೆ ಪ್ರಾಣ. ಹೀಗಾಗಿ ಅತ್ತೆ ಹಿಪ್ಪುನೇರಳೆ ತೋಟಕ್ಕೆ ಒಂದು ಸಲ ಹೋಗಬೇಕಾದರೆ ಮನೆಯಿಂದ ಮೂರು ಸಲ ಹೊರಡುತ್ತಿದ್ದರು, ಮೂರು ಲೋಟ ನೀರು ಕುಡಿಯುತ್ತಿದ್ದರು. ಅವರ ಮೂತ್ರಪಿಂಡ ಇವತ್ತಿಗೂ ಗಟ್ಟಿಯಾಗಿರುವುದಕ್ಕೆ ಕೆಂಚನೇ ಕಾರಣ ಎಂದು ನನ್ನ ನಂಬಿಕೆ.

ಕೆಂಚನ ಮೂತ್ರದ ಕಡೆ ಮಾತ್ರ ಯಾರೂ ಗಮನ ಕೊಟ್ಟಿರಲಿಲ್ಲ. ಅಲ್ಲಿಗೆ ಬರುವ ಮೊದಲು ಒಂದು ಪದದ ವಿಷಯ ಹೇಳಿಬಿಡುತ್ತೇನೆ. ರೇಷ್ಮೆ ಮನೆಯವರಲ್ಲದವರಿಗೆ ಜ್ವರ ಎಂದರೆ ಮೈ ಸುಡುವುದು, ಮಾತ್ರೆ, ಗಂಜಿ. ನಮ್ಮಲ್ಲಿ ಹಾಗಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಅಲುಗಾಡದೆ ಒಂದು ದಿನ ಕೂತುಬಿಡುತ್ತದೆ. ಇದಕ್ಕೆ "ಜ್ವರಕ್ಕೆ ಕೂರುವುದು" ಎನ್ನುತ್ತಾರೆ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಗಲಾಟೆ ಮಾಡಬಾರದು. ಪೊರೆ ಬಿಟ್ಟು "ಜ್ವರ ಎದ್ದ" ಹುಳು ಬಕಾಸುರನ ಹಾಗೆ ತಿನ್ನುತ್ತದೆ. ನಾನು ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆ ಸಂತೋಷದಿಂದ "ಎಲ್ಲಾ ಒಟ್ಟಿಗೆ ಜ್ವರಕ್ಕೆ ಕೂತವೆ!" ಎಂದು ಕೂಗಿದ್ದರು. ನಾನು ಗಾಬರಿಯಿಂದ ಒಳಗೋಡಿ ಮಾತ್ರೆಯ ಡಬ್ಬಿ ತಂದಿದ್ದೆ. ಆ ಕಥೆಯನ್ನು ಈಗಲೂ ನೆಂಟರು ಬಂದಾಗಲೆಲ್ಲ ನನ್ನ ಎದುರಿಗೇ ಹೇಳುತ್ತಾರೆ.

ಆ ಅವಮಾನವೇ ಮುಂದೆ ಕೆಂಚನಿಗೆ ಮುಳುವಾಯಿತು. ಹೋದ ವರ್ಷ ಒಂದು ಸೋಮವಾರ ಅವನು ಕಾಳು ಮುಟ್ಟಲಿಲ್ಲ. ಮೀನಿನ ತಲೆ ಇಟ್ಟರೂ ಮೂಸಲಿಲ್ಲ. ಹುಳುವಿನ ಮನೆಯ ಮೂಲೆಯಲ್ಲಿ ತಲೆ ಸ್ವಲ್ಪ ಎತ್ತಿಕೊಂಡು, ಕಣ್ಣು ಅರೆ ಮುಚ್ಚಿ ಕೂತಿದ್ದ. ಆಗಾಗ ಎದ್ದು ಬೂದಿಯ ಗುಂಡಿಯ ಹತ್ತಿರ ಹೋಗಿ ಕೂತು, ಏನೂ ಆಗದೆ ವಾಪಸು ಬರುತ್ತಿದ್ದ. ನಾನು ಅತ್ತೆಯನ್ನು ಕೇಳಿದೆ. ನಲವತ್ತು ವರ್ಷ ಹುಳು ಸಾಕಿದ ಕಣ್ಣಿನಿಂದ ಅವರು ಕೆಂಚನನ್ನು ನೋಡಿದರು.

"ಜ್ವರಕ್ಕೆ ಕೂತವ್ನೆ ಕಣವ್ವ. ಮುಟ್ಟಕ್ಕೋಗಬ್ಯಾಡ. ಜ್ವರ ಎದ್ದ್ಮೇಲೆ ತಾನೇ ತಿಂತಾನೆ."

ನಾನು ಬಿ.ಎಡ್. ಮಾಡಿದವಳು. ಬೆಕ್ಕು ಪೊರೆ ಬಿಡುವುದಿಲ್ಲ ಎಂದು ನನಗೆ ಗೊತ್ತು. ಆದರೆ ಇನ್ನೊಮ್ಮೆ ಮಾತ್ರೆಯ ಡಬ್ಬಿ ತಂದು ನಗೆಪಾಟಲಾಗಲು ಮನಸ್ಸಾಗಲಿಲ್ಲ. ಮಂಗಳವಾರವೂ ಅವನು ಕೂತೇ ಇದ್ದ. ಅತ್ತೆ ಅವನಿದ್ದ ಕಡೆ ಯಾರೂ ಸದ್ದು ಮಾಡಬಾರದೆಂದು ಬಾಗಿಲು ಮುಂದೆ ಮಾಡಿದರು, ನಾನು ಬಾಗಿಲ ಸಂದಿಯಿಂದ ನೋಡಿ ಶಾಲೆಗೆ ಹೋದೆ. ಬುಧವಾರ ಬೆಳಿಗ್ಗೆ ಕೆಂಚ ಕೂಗಿದ. ಅದು ಹಸಿವಿನ ಕೂಗಲ್ಲ. ಅಂಥ ಸ್ವರ ಅವನಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಈ ಬೆಕ್ಕು ಎಲ್ಲೋ ಹೋಗುವುದಿಲ್ಲ, ನನ್ನ ಕಣ್ಣೆದುರಿಗೇ ಸಾಯುತ್ತದೆ ಎಂದು ಆ ಕ್ಷಣ ಅನ್ನಿಸಿತು.

ಸೊಪ್ಪಿನ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ, ಅವನನ್ನು ಮಲಗಿಸಿ, ಮೇಲೊಂದು ಬಟ್ಟೆ ಕಟ್ಟಿ, ಊರಿನ ಆಟೋ ಸಿದ್ದರಾಜುವನ್ನು ಕರೆದೆ. ಅವನು ವೇಗವಾಗಿಯೇ ಓಡಿಸಿದ, ಊರ ಹೊರಗಿನ ತಿರುವಿನಲ್ಲಿ ಒಂದು ಕಪ್ಪು ಬೆಕ್ಕು ರಸ್ತೆ ದಾಟುವವರೆಗೆ. ಗಕ್ಕನೆ ಬ್ರೇಕು. ಎಂಜಿನ್ನೂ ಬಂದ್. ಎದುರಿನಿಂದ ಬೇರೆ ಯಾವುದಾದರೂ ವಾಹನ ಮೊದಲು ದಾಟಿ ಆ ದೋಷವನ್ನು ತಾನು ಹೊತ್ತುಕೊಳ್ಳಲಿ ಎಂದು ಕಾಯುತ್ತ ಕೂತ.

"ಅಯ್ಯೋ, ಗಾಡಿಯೊಳಗೇ ಒಂದು ಬೆಕ್ಕಿದೆಯಲ್ಲ ಸಿದ್ದರಾಜು!"

"ಅದು ಕೂತೈತೆ ಮೇಡಂ, ಅಡ್ಡ ಬಂದಿಲ್ಲ" ಎಂದ. ಇಂಥ ತರ್ಕಕ್ಕೆ ಬಿ.ಎಡ್.ನಲ್ಲಿ ಉತ್ತರ ಕಲಿಸಿರಲಿಲ್ಲ. ಹಾಲಿನ ಕ್ಯಾನು ಹೇರಿಕೊಂಡ ಒಂದು ಬೈಕು ಬಂದು ಏನೂ ಅರಿಯದೆ ದಾಟಿಹೋಯಿತು. ಆ ಪುಣ್ಯಾತ್ಮನಿಗೆ ಏನೂ ಆಗದಿರಲಿ ಎಂದುಕೊಂಡೆ.

ಪಶು ಆಸ್ಪತ್ರೆಯಲ್ಲಿ ಹಸುಗಳ ಸಾಲು. ಮಧ್ಯೆ ಬುಟ್ಟಿ ಹೊತ್ತ ನಾನು. ಹಸು ಹಿಡಿದಿದ್ದ ಹಿರಿಯರೊಬ್ಬರು ಬಟ್ಟೆ ಸರಿಸಿ ಇಣುಕಿ, "ಇದು ಎಷ್ಟು ಲೀಟ್ರು ಕೊಡ್ತದವ್ವ?" ಎಂದರು. ಸಾಲಿನವರೆಲ್ಲ ನಕ್ಕರು. ಕೆಂಚ ಮತ್ತೊಮ್ಮೆ ಕೂಗಿದ. ನಗು ನಿಂತಿತು. ಆ ಹಿರಿಯರೇ ತಮ್ಮ ಹಸುವನ್ನು ಪಕ್ಕಕ್ಕೆ ಎಳೆದುಕೊಂಡು, "ಓಗು, ಮೊದ್ಲು ತೋರ್ಸು" ಎಂದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವನ ಹೊಟ್ಟೆ ಮುಟ್ಟಿದ ಕೂಡಲೇ ಅವರ ಮುಖ ಬಿಗಿಯಾಯಿತು. ಮೂತ್ರ ಕಟ್ಟಿಕೊಂಡಿದೆ, ಗಂಡು ಬೆಕ್ಕುಗಳಿಗೆ ಹೀಗಾಗುತ್ತದೆ, ಇನ್ನೊಂದು ದಿನ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದರು. "ಎರಡು ದಿನ ಯಾಕೆ ಕಾದಿರಿ?" ಎಂದು ಕೇಳಿದರು. ಜ್ವರಕ್ಕೆ ಕೂತಿದ್ದಾನೆ ಅಂದುಕೊಂಡಿದ್ದೆವು ಎಂದು ಹೇಳುವ ಬದಲು ಬುಟ್ಟಿಯೊಳಗಿನ ಸೀರೆ ಮಡಚತೊಡಗಿದೆ. ವಯಸ್ಸೆಷ್ಟು ಎಂದರು. ಅತ್ತೆಗೆ ಫೋನು ಮಾಡಿದೆ. "ನಲವತ್ತು ಬೆಳೆ ಕಂಡವ್ನೆ" ಎಂದರು ಅತ್ತೆ. ನಮ್ಮ ಮನೆಯಲ್ಲಿ ಕಾಲವನ್ನು ಅಳೆಯುವುದು ಹುಳುವಿನ ಬೆಳೆಯಿಂದ. ಮೇಜಿನ ಮೇಲೆ ಬೆಕ್ಕು ಒದ್ದಾಡುತ್ತಿರುವಾಗ ವರ್ಷಕ್ಕೆ ಐದು ಬೆಳೆಯಂತೆ ಭಾಗಿಸಿ, ಎಂಟು ಎಂದೆ.

ಸಣ್ಣ ನಳಿಕೆಯಿಂದ ಮೂತ್ರ ತೆಗೆದು, ಸಲೈನು ಏರಿಸಿ, ಅವನು ಸಮಾಧಾನಗೊಂಡ ಮೇಲೆ ಡಾಕ್ಟರು ಕೇಳಿದರು, ತಿನ್ನಲು ಏನು ಕೊಡುತ್ತೀರಿ? ನಾನು ಹೆಮ್ಮೆಯಿಂದ ಒಣ ಕಾಳಿನ ಹೆಸರು ಹೇಳಿದೆ. ನೀರು ಕುಡಿಯುತ್ತಾನಾ? ನನಗೆ ಗೊತ್ತಿರಲಿಲ್ಲ. ಅವನು ನೀರು ಕುಡಿದದ್ದನ್ನು ನಾನು ನೋಡಿಯೇ ಇರಲಿಲ್ಲ. ಬರೀ ಒಣ ತಿಂಡಿ, ಕಡಿಮೆ ನೀರು, ಮೇಲೆ ಮೈಗಳ್ಳತನ, ಈ ಮೂರೂ ಸೇರಿದರೆ ಹೀಗಾಗಬಹುದು ಎಂದರು. ಅಂದರೆ ನೋಡಿ, ಅವನಿಗೆ ಕಾಯಿಲೆ ತಂದದ್ದು ನನ್ನ ಹೊಸ ವಿದ್ಯೆ, ಆಸ್ಪತ್ರೆಗೆ ಕಳಿಸದೆ ಇಟ್ಟುಕೊಂಡದ್ದು ಅತ್ತೆಯ ಹಳೆಯ ವಿದ್ಯೆ. ಇಬ್ಬರು ವಿದ್ಯಾವಂತೆಯರ ನಡುವೆ ಸಿಕ್ಕಿಕೊಂಡ ಜೀವ ಅಷ್ಟು ದಿನ ಬದುಕಿದ್ದೇ ಪವಾಡ.

ಆಮೇಲೆ ಉಪದೇಶ. ಮನೆಯ ಮೂರು ಕಡೆ ನೀರಿನ ಬಟ್ಟಲು ಇಡಿ. ಬೇಯಿಸಿದ ಮೀನು, ಕೋಳಿ, ಒದ್ದೆ ಆಹಾರ ಕೊಡಿ, ಉಪ್ಪು ಖಾರ ಬೇಡ. ಹಾಲು ಬೇಡ. ತೂಕ ಇಳಿಸಿ. ಚುಚ್ಚುಮದ್ದು ಹಾಕಿಸಿ. ಸಂತಾನಹರಣದ ಆಪರೇಷನ್ ಮಾಡಿಸಿದರೆ ಊರೂರು ಅಲೆದು ಜಗಳ ಕಾಯುವುದು ನಿಂತು ಹೆಚ್ಚು ಕಾಲ ಬದುಕುತ್ತಾನೆ. ಈ ಕೊನೆಯ ಮಾತನ್ನು ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ತೋಟದಲ್ಲಿ ನೀರು ಬಿಟ್ಟು ಬಂದಿದ್ದೇನೆಂದು ಎದ್ದು ಹೋದರು. ಅವತ್ತು ಕರೆಂಟೇ ಇರಲಿಲ್ಲ.

ಗುರುವಾರ ಕೆಂಚ ಒಂದು ಬಟ್ಟಲು ಮೀನಿನ ಅನ್ನವನ್ನು ಉಸಿರು ಬಿಡದೆ ತಿಂದ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿ, ವಿಜಯದ ದನಿಯಲ್ಲಿ, "ನಾನೇಳ್ಲಿಲ್ವಾ? ಜ್ವರ ಎದ್ದ್ಮೇಲೆ ತಿಂತಾನೆ ಅಂತ!" ಎಂದರು. ನನಗೆ ಸಿಟ್ಟು ಬಂತು. ತಿಂಗಳೊಳಗೆ ಹುಳುವನ್ನು ಗೂಡಿಗೆ ಸೇರಿಸಿ ಮಾರುಕಟ್ಟೆಗೆ ಕಳಿಸುವವರಿಗೆ ದೀರ್ಘಾಯುಷ್ಯದ ಮಾತು ಹೇಗೆ ಅರ್ಥವಾಗಬೇಕು ಎಂದು ಏನೋ ಅಂದುಬಿಟ್ಟೆ. ಅತ್ತೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ತೋಟಕ್ಕೆ ಹೋದರು. ಆದರೆ ಸಂಜೆ ನೋಡುತ್ತೇನೆ, ಹೊಸಿಲ ಪಕ್ಕ ಒಂದು, ಹುಳುವಿನ ಮನೆಯಲ್ಲಿ ಒಂದು, ದೇವರ ಗೂಡಿನ ಕೆಳಗೆ ಒಂದು ನೀರಿನ ಬಟ್ಟಲು. ದೇವರ ಗೂಡಿನ ಕೆಳಗಿನದು ಅವರ ತಾಯಿ ಮನೆಯ ಕಂಚಿನ ಬಟ್ಟಲು. ಅದನ್ನು ನನಗೂ ಮುಟ್ಟಲು ಬಿಡುತ್ತಿರಲಿಲ್ಲ.

ಈ ವರ್ಷ ನನ್ನ ಸರದಿ ಬಂತು. ಪರೀಕ್ಷೆಯ ಪೇಪರು ತಿದ್ದಿ ತಿದ್ದಿ ಒಂದು ದಿನ ತಲೆ ತಿರುಗಿತು, ಬೆವರಿತು, ಊಟ ಬೇಡವಾಯಿತು. ಅದು ಬಿಪಿ ಎಂದು ಆಮೇಲೆ ತಿಳಿಯಿತು, ಡಾಕ್ಟರು ಹೇಳಿದ್ದೂ ಅದೇ: ನೀರು ಕುಡಿಯಿರಿ, ಉಪ್ಪು ಬೇಡ, ತೂಕ ಇಳಿಸಿ. ಅವತ್ತು ಮಾತ್ರ ನಾನು, ಬೆಕ್ಕಿನ ಆರೋಗ್ಯದ ಬಗ್ಗೆ ಇಡೀ ಊರಿಗೆ ಭಾಷಣ ಮಾಡಿದವಳು, ಒಂದು ದಿನ ಮಲಗಿದರೆ ಸರಿಹೋಗುತ್ತದೆ ಎಂದು ಮುಸುಕೆಳೆದುಕೊಂಡೆ. ಎರಡನೇ ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತರು.

"ನಿನ್ನೆಯಿಂದ್ಲೂ ಏನೂ ತಿಂದಿಲ್ವಾ?"

"ಏನಿಲ್ಲ ಅತ್ತೆ, ಒಂದು ಗಳಿಗೆ ಸುಮ್ಮನೆ ಮಲಗಿದರೆ ಆಯ್ತು."

"ಸುಮ್ಕೆ ಮನಿಕ್ಕಳಕ್ಕೆ ನೀನೇನು ಹುಳವಾ? ಎದ್ದೇಳವ್ವ" ಎಂದು ಅವರೇ ನನ್ನ ಸೆರಗು ಸರಿಮಾಡಿ ಎಬ್ಬಿಸಿದರು. ಆಟೋ ಬಂತು. ಸಿದ್ದರಾಜು ಬುಟ್ಟಿಗಾಗಿ ಅತ್ತಿತ್ತ ನೋಡಿ, "ಬೆಕ್ಕೆಲ್ಲವ್ವಾ?" ಎಂದ.

"ಈ ಸಲ ಸೊಸೆ ಕಣಪ್ಪ" ಎಂದು ಅತ್ತೆ ನನ್ನ ಪಕ್ಕ ಹತ್ತಿ ಕೂತರು.

ಗಾಡಿ ಇನ್ನೇನು ಹೊರಡಬೇಕು, ಹೊಸಿಲಿನಿಂದ ಕೆಂಚ ಇಳಿದ. ಯಾವ ಅವಸರವೂ ಇಲ್ಲದೆ, ಬಾಲ ಎತ್ತಿಕೊಂಡು, ಆಟೋದ ಮುಂದೆ ಈ ಕಡೆಯಿಂದ ಆ ಕಡೆಗೆ ನಡೆದುಹೋದ. ಸಿದ್ದರಾಜು ಎಂಜಿನ್ ಬಂದ್ ಮಾಡಿದ. ನಾನು ಅತ್ತೆಯ ಮುಖ ನೋಡಿದೆ. ಇಳಿದು, ಒಳಗೆ ಹೋಗಿ, ಕೂತು, ನೀರು ಕುಡಿದು ಬರುವವರೆಗೆ ಕಾಯಲು ಸಿದ್ಧಳಾದೆ. ಅತ್ತೆ ಇಳಿಯಲಿಲ್ಲ. ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಮುಂದೆ ಬಾಗಿ ಸಿದ್ದರಾಜುವಿನ ಬೆನ್ನು ತಟ್ಟಿದರು.

"ಅಡ್ಡ ಬಂದಿಲ್ಲ ಕಣಪ್ಪ ಅದು, ಕಳಿಸ್ಕೊಡಕ್ಕೆ ಬಂದೈತೆ. ಓಡ್ಸು, ಓಡ್ಸು."