ಹೊಸ್ತಿಲು ದಾಟದ ಸುರಗಿ

ಆ ಸೀಸೆಗೆ ನಾನು ಕೊಟ್ಟದ್ದು ಎರಡು ರೂಪಾಯಿ. ಹೇಳಿದ ಬೆಲೆ ಐದು. ಅದನ್ನು ಇಳಿಸಿದ್ದು ಹೇಗೆಂದು ಹೇಳದಿದ್ದರೆ ಆ ರಾತ್ರಿ ನಡೆದದ್ದು ನಿಮಗೆ ಅರ್ಥವಾಗದು. ಕಟ್ಟುಕಥೆ ಹೇಳಿ ನನಗೆ ಲಾಭವಿಲ್ಲ. ಲಾಭವಿಲ್ಲದ ಕೆಲಸ ಮಾಡುವವನೂ ನಾನಲ್ಲ.

ಯುದ್ಧದ ಕಾಲ. ಗಂಗೊಳ್ಳಿಯಲ್ಲಿ ನನ್ನದು ಬಳೆ, ಕುಂಕುಮದ ಅಂಗಡಿ. ಬುಟ್ಟಿ ಹೊತ್ತು ಊರೂರು ಮಾರಿ ಕಟ್ಟಿದ್ದು. ಹೆಂಡತಿ ತೀರಿಕೊಂಡು ವರ್ಷ ಕಳೆದಿತ್ತು. ಒಣಗಿದ ಸುರಗಿ ಹೂವಿನ ಮಾಲೆಗೆ ಲವಂಗ ಸೇರಿಸಿ ಅವಳು ಸೀರೆಗಳ ನಡುವೆ ಇಡುತ್ತಿದ್ದಳು. ಪೆಟ್ಟಿಗೆಯಲ್ಲಿ ಆ ವಾಸನೆ ಆರಿಹೋದ ದಿನ ಮನೆ ನಿಜಕ್ಕೂ ಖಾಲಿಯಾಯಿತು.

ಬಾರ್ಕೂರಿನಲ್ಲಿ ಅತ್ತರು ಮಾಡುತ್ತಿದ್ದವರೊಬ್ಬರ ವಿಧವೆ ಉಳಿದ ಸರಕು ಮಾರುತ್ತಿದ್ದರು. ಒಂದು ಸೀಸೆಯ ಬಿರಡೆ ತೆಗೆದೆ. ಮೊದಲು ಲವಂಗದ ಚುರುಕು... ಹಿಂದೆಯೇ ಮೆಲ್ಲಗೆ ಬಿಳಿ ಸುರಗಿ, ಜೇನಿನಷ್ಟು ಮಂದ. ಅವಳದೇ ವಾಸನೆ! ಆದರೆ ಬೇಕಾದ ವಸ್ತುವಿನ ಮುಂದೆ ಮುಖ ಕಿವುಚುವುದು ನನ್ನ ಹಳೆಯ ಚಾಳಿ.

"ಎಂತ ಅಮಾ, ಈ ಘಾಟಿಗೆ ಐದ್ ರೂಪಾಯಿಯಾ? ಜಿರ್ಲೆ ಓಡ್ಸುಕೆ ಅಡ್ಡಿಲ್ಲ!"

"ಹ್ವಾಯ್, ಕಡ್ಮಿಗೆ ಕೇಣಿ, ಕೊಡ್ತೆ. ಹೀಂಗ್ ಹಳಿಬೇಡಿ. ಅದ್ಕೂ ಕೆಮಿ ಇತ್ತ್."

ಅತ್ತರಿಗೂ ಕಿವಿಯೇ? ನಕ್ಕುಬಿಟ್ಟೆ, ಎರಡೇ ರೂಪಾಯಿ ಎಣಿಸಿಕೊಟ್ಟು ಸೀಸೆ ಎತ್ತಿಕೊಂಡೆ. ಕುಂದಾಪುರದಲ್ಲಿ ದೋಣಿ ಹಿಡಿದು, ಕತ್ತಲಾಗುವಾಗ ಮನೆ ಸೇರಿದೆ.

ಹಿಂಗೈಗೆ ಒಂದು ಹನಿ ಹಚ್ಚಿದೆ. ಏನೂ ಇಲ್ಲ... ಬರಿಯ ಎಣ್ಣೆ! ಮೋಸಹೋದೆನೆಂದು ಸಿಡುಕುತ್ತ, ಬಾಗಿಲಿಗೆ ಚಿಲಕ ಹಾಕಿ ಮಲಗಿದೆ. ಸೀಮೆಎಣ್ಣೆ ಸಿಗದ ದಿನಗಳು, ದೀಪವಿಲ್ಲ. ದೂರದಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಮೊರೆತವಷ್ಟೇ.

ಆಗ ಲವಂಗ ಮೂಗಿಗೆ ಬಡಿಯಿತು. ಕೈಯಿಂದಲ್ಲ... ಬಾಗಿಲ ಕಡೆಯಿಂದ. ಬಳೆಗಳ ಸಣ್ಣ ಸದ್ದು. ಸುರಗಿಯ ಕಂಪು ಹೊಸ್ತಿಲವರೆಗೆ ಬಂದು ನಿಂತುಬಿಟ್ಟಿತು.

"ಒಳ್ಗ್ ಬಾ," ಎಂದೆ.

ಹೊಸ್ತಿಲಾಚೆಯಿಂದ ಹೆಂಡತಿಯದೇ ದನಿ: "ಘಾಟ್ ಅಂದ್ರಿ ಅಲ್ದಾ?"

"ಅದ್ ಯಾಪಾರದ್ ಮಾತ್ ಮಾರಾಯ್ತಿ..."

ಎದ್ದು ಬಾಗಿಲು ತೆರೆದೆ. ಯಾರೂ ಇರಲಿಲ್ಲ. ಪರಿಮಳ ಅಂಗಳಕ್ಕಿಳಿದು ಉಪ್ಪುಗಾಳಿಯಲ್ಲಿ ಕರಗಿಹೋಯಿತು.

ಮರುದಿನವೇ ಬಾರ್ಕೂರಿಗೆ ಓಡಿ ಉಳಿದ ಮೂರು ರೂಪಾಯಿ ಮುಂದಿಟ್ಟೆ. ಆ ಅಮ್ಮ ಮುಟ್ಟಲಿಲ್ಲ.

"ಬೇಜಾರ್ ಆದ್ದ್ ನಂಗಲ್ಲ," ಎಂದರು.

ಸೀಸೆ ಇನ್ನೂ ನನ್ನಲ್ಲಿದೆ. ಮೂಗಿಗಿಟ್ಟರೆ ಬರಿಯ ಎಣ್ಣೆ. ಕೆಲವು ರಾತ್ರಿ ಮಾತ್ರ ಸುರಗಿ ಬರುತ್ತದೆ, ಹೊಸ್ತಿಲವರೆಗೆ. ಚಿಲಕ ಹಾಕುವುದನ್ನೇ ಬಿಟ್ಟಿದ್ದೇನೆ... ಆದರೂ ಒಳಗೆ ಬಂದಿಲ್ಲ.

ನೀವೂ ಚೌಕಾಸಿ ಮಾಡಿ, ಮಾಡಲೇಬೇಕು. ಸರಕು ಚೆನ್ನಾಗಿದೆ, ಕೈಯಲ್ಲಿರುವುದು ಇಷ್ಟೇ ಅನ್ನಿ. ಎದ್ದು ನಾಲ್ಕು ಹೆಜ್ಜೆ ಹೊರಟುಬಿಡಿ, ಕರೆಯುತ್ತಾರೆ. ಬೇಕಾದಷ್ಟು ಬೆಲೆ ಇಳಿಸಿ. ಆದರೆ ಮನಸ್ಸಿಗೆ ಬೇಕಾದದ್ದನ್ನು ಬಾಯಲ್ಲಿ ಮಾತ್ರ ಹಳಿಯಬೇಡಿ.